ಹೆಡ್‌ಮಾಸ್ಟರ ನೆರಳು ಮಾಯವಾದ ಮಧ್ಯಾಹ್ನ

“ಮುಟ್ಟಬೇಡ್ವೋ! ಅದು ಶಾಂತಸಾಗರ!”

ವಿಶಾಲತ್ತೆ ಹೀಗೆ ಕೂಗುವಷ್ಟರಲ್ಲಿ ನನ್ನ ಬೆರಳು ಒದ್ದೆಯಾಗಿಬಿಟ್ಟಿತ್ತು. ಬೆರಳನ್ನು ಮೆಲ್ಲಗೆ ನಾಲಿಗೆಗೆ ಇಟ್ಟುಕೊಂಡೆ. ಉಪ್ಪು!

ಅತ್ತೆಯ ನಡುಮನೆಯಲ್ಲಿ, ಯಾವ ಗೋಡೆಗೂ ತಾಗದೆ, ಒಂದು ಹಳೆಯ ಬಾಗಿಲ ಚೌಕಟ್ಟು ಒಂಟಿಯಾಗಿ ನಿಂತಿತ್ತು. ಅದರ ಈಚೆಗೆ ಹೊಲಿಗೆ ಯಂತ್ರ, ಹಳೆಯ ಸೀರೆಯ ಮೇಲೆ ಹರವಿದ ಸಂಡಿಗೆ. ಅದರ ಒಳಗೆ ಸಮುದ್ರ! ಕಣ್ಣು ಹೋಗುವಷ್ಟು ದೂರ ನೀಲಿ ನೀರು, ಅದರ ಮೇಲೆ ಬೆಳಗಿನ ಎಳೆ ಬಿಸಿಲು. ನಮ್ಮ ಚೌಳಗೆರೆಯಲ್ಲಿ ಆಗ ಸಂಜೆ, ದೀಪ ಹಚ್ಚುವ ಹೊತ್ತು. ನಾನು ಚೌಕಟ್ಟಿನ ಹಿಂದಕ್ಕೆ ಹೋಗಿ ನೋಡಿದೆ. ಅಲ್ಲಿ ಸಮುದ್ರವಿರಲಿಲ್ಲ, ಅಕ್ಕಿ ಡಬ್ಬವಿತ್ತು. ಮತ್ತೆ ಮುಂದೆ ಬಂದೆ. ಸಮುದ್ರ!

“ಅತ್ತೆ, ಇದು ಟಿ.ವಿ. ಅಲ್ವಾ?”

“ಟಿ.ವಿ.ನಲ್ಲಿ ಉಪ್ಪು ಬರುತ್ತೇನೋ ಮರುಳ?”

ನನ್ನ ಪೂರ್ತಿ ಹೆಸರು ಮರುಳಸಿದ್ದಪ್ಪ. ಚೌಳಗೆರೆ ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನದ ಮೇಷ್ಟ್ರು. ಆದರೆ ಸೋದರತ್ತೆ ನನ್ನನ್ನು ಅರ್ಧ ಹೆಸರಿನಿಂದಲೇ ಕರೆಯುತ್ತಾಳೆ, ಅದೂ ಅರ್ಥ ಬರುವ ಅರ್ಧದಿಂದ. ಅವಳು ಪಾಲಿಟೆಕ್ನಿಕ್ಕಿನಲ್ಲಿ ಉಪಕರಣಗಳ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನಿವೃತ್ತಿಯಾದ ಮರುದಿನದಿಂದ ಅವಳ ಮನೆಯಲ್ಲಿ ಒಂದಲ್ಲ ಒಂದು ಯಂತ್ರ ಹುಟ್ಟುತ್ತಲೇ ಇದೆ. ದೋಸೆಯನ್ನು ತಾನೇ ಮಗುಚಿ ಹಾಕುವ ಯಂತ್ರ ಮೊದಲ ದಿನ ಮಗುಚಿದ ದೋಸೆ ಇವತ್ತಿಗೂ ಅಡಿಗೆಮನೆಯ ತಾರಸಿಗೆ ಅಂಟಿಕೊಂಡಿದೆ.

ಈ ಸಲದ ಯಂತ್ರಕ್ಕೆ ಕಾರಣ ಮಾತ್ರ ನಾನೇ. ಹಿಂದಿನ ತಿಂಗಳು ಎಂಟನೇ ತರಗತಿ ಬಿ ವಿಭಾಗಕ್ಕೆ ಒಂದು ಕಿರುಪರೀಕ್ಷೆ ಕೊಟ್ಟಿದ್ದೆ. ‘ಚೌಳಗೆರೆ ಎಲ್ಲಿದೆ? ಒಂದು ವಾಕ್ಯದಲ್ಲಿ ಉತ್ತರಿಸಿ.’ ಒಬ್ಬಳು ‘ಬಸ್ಸು ಇಳಿದ ತಕ್ಷಣ ಇದೆ’ ಎಂದು ಬರೆದಿದ್ದಳು. ಇನ್ನೊಬ್ಬ ‘ನಮ್ಮ ಮನೆಯ ಸುತ್ತಮುತ್ತ ಇದೆ’ ಎಂದಿದ್ದ. ತಿಪ್ಪೇಶನೆಂಬ ಮಹಾನುಭಾವ ‘ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದೆ’ ಎಂದು ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದ. ಅದನ್ನು ಅತ್ತೆಯ ಮುಂದೆ ಹೇಳಿಕೊಂಡು ನಕ್ಕಿದ್ದೆ. ಅತ್ತೆ ನಕ್ಕಿರಲಿಲ್ಲ.

“ತಪ್ಪು ಮಕ್ಕಳದ್ದಲ್ಲ, ನಿಂದು. ಕಾಗದದ ಮೇಲೆ ಅಡ್ಡಗೆರೆ ಉದ್ದಗೆರೆ ತೋರಿಸಿ ಬಾಯಿಪಾಠ ಮಾಡಿ ಅಂದ್ರೆ ಯಾರಿಗೆ ಬೇಕಾಗಿದೆ? ಆ ಗೆರೆ ಕೂಡೋ ಜಾಗಕ್ಕೆ ಹೋಗಿ ನಿಂತು ನೋಡ್ಬೇಕು ಕಣೋ!” ಎಂದಿದ್ದಳು.

ಈಗ ನಿಂತು ನೋಡುತ್ತಿದ್ದೆ. ಚೌಕಟ್ಟಿನ ತುಂಬ ತಾಮ್ರದ ತಂತಿ, ಬಲಗಡೆ ಹಳೆ ರೇಡಿಯೋದಿಂದ ಕಿತ್ತ ಎರಡು ತಿರುಪು, ಒಂದೊಂದರ ಮೇಲೂ ಒಂದೊಂದು ಮುಳ್ಳು. ಕೆಳಗೆ ಪಕ್ಕದ ಮನೆಯವರ ಟ್ರ್ಯಾಕ್ಟರಿನ ಬ್ಯಾಟರಿ. ಯಂತ್ರದ ಹೆಸರು ‘ಅಲ್ಲಿಗಿಲ್ಲಿ’.

“ಮೊದಲನೇ ತಿರುಪು ಅಕ್ಷಾಂಶ,” ಎಂದು ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರು ಮಾಡಿದಳು. “ಭೂಮಧ್ಯರೇಖೆಯಿಂದ ಎಷ್ಟು ಉತ್ತರ, ಎಷ್ಟು ದಕ್ಷಿಣ. ಎರಡನೇದು ರೇಖಾಂಶ. ಗ್ರೀನಿಚ್ ಗೆರೆಯಿಂದ ಎಷ್ಟು ಪೂರ್ವ, ಎಷ್ಟು ಪಶ್ಚಿಮ. ಎರಡು ಅಂಕಿ ಕೊಟ್ರೆ ಭೂಮಿ ಮೇಲಿನ ಯಾವ ಜಾಗ ಆದ್ರೂ ಈ ಹೊಸ್ತಿಲಿಗೇ ಬಂದು ನಿಲ್ಲುತ್ತೆ. ಈಗ ಇಟ್ಟಿರೋದು ನಮ್ಮೂರಿನ ಅಂಕಿಗಳೇ, ಹದಿಮೂರು ಮತ್ತೆ ಎಪ್ಪತ್ತೇಳು. ಉತ್ತರದ ಬದಲು ದಕ್ಷಿಣ, ಪೂರ್ವದ ಬದಲು ಪಶ್ಚಿಮ ಮಾಡಿದೆ. ನೋಡು, ಪೆರು ದೇಶದ ಪಕ್ಕದ ಸಮುದ್ರ!”

ಒಂದು ಅಲೆ ಬಂದು ಹೊಸ್ತಿಲಿಗೆ ಬಡಿಯಿತು. ಸಂಡಿಗೆಯ ಮೇಲೆ ನಾಲ್ಕು ಹನಿ ಬಿತ್ತು.

“ಅಯ್ಯೋ, ಉಪ್ಪು ಜಾಸ್ತಿ ಆಯ್ತು!” ಎಂದಳು ಅತ್ತೆ.

ನನ್ನ ಬಾಯಿ ತೆರೆದುಕೊಂಡಿತ್ತು, ಮುಚ್ಚುವುದು ಹೇಗೆಂದು ಮರೆತಿತ್ತು.

*

ಮರುದಿನ ಸೆಪ್ಟೆಂಬರ್ ಇಪ್ಪತ್ತಮೂರು. ಗೂಡ್ಸ್ ಆಟೋದಲ್ಲಿ ಚೌಕಟ್ಟನ್ನು ಮಲಗಿಸಿಕೊಂಡು, ಅದರ ಮೇಲೆ ಅತ್ತೆಯನ್ನು ಕೂರಿಸಿಕೊಂಡು ಶಾಲೆಗೆ ತಂದೆ. ಗೇಟಿನಲ್ಲೇ ಹೆಡ್‌ಮಾಸ್ಟರ್ ಕರಿಗಿರಿಯಪ್ಪನವರು ಸಿಕ್ಕರು.

ಕರಿಗಿರಿಯಪ್ಪನವರ ಬಗ್ಗೆ ಎರಡು ಮಾತು ಹೇಳಬೇಕು. ಹೆಗಲ ಮೇಲೆ ಸದಾ ಜರಿಯಂಚಿನ ಶಲ್ಯ, ಕೈಯಲ್ಲಿ ಸದಾ ಪ್ರಾರ್ಥನೆಯ ಮೈಕು. ಅದರ ವೈರು ಶಾಲೆಯ ಯಾವ ಮೂಲೆಗಾದರೂ ಎಟಕುವಷ್ಟು ಉದ್ದವಿತ್ತು. ಅವರು ‘ಯಾರೋ ಅದು, ಜಗಲಿ ಮೇಲೆ ಓಡ್ತಿರೋದು?’ ಎಂದರೆ ಮಾಡಿನ ಮೇಲಿನ ಸ್ಪೀಕರಿನಿಂದ ಇಡೀ ಚೌಳಗೆರೆಗೆ ಕೇಳಿಸಿ, ಪೇಟೆಯಲ್ಲಿ ಓಡುತ್ತಿದ್ದವರೂ ನಿಂತುಬಿಡುತ್ತಿದ್ದರು.

“ಏನ್ರೀ ಮೇಷ್ಟ್ರೇ, ಬಾಗಿಲು ತಂದಿದೀರಾ? ಇರೋ ಬಾಗಿಲುಗಳಿಗೇ ಚಿಲಕ ಇಲ್ಲ!”

“ಪಾಠೋಪಕರಣ ಸಾರ್. ಭೂಪಟದಲ್ಲಿ ಸ್ಥಳ ಗುರುತಿಸೋದು ಕಲಿಸೋಕೆ.”

“ಸ್ಥಳ ಗುರುತಿಸೋಕೆ ಯಂತ್ರ ಯಾಕ್ರೀ? ನಾಲ್ಕು ಜನರನ್ನ ಕೇಳ್ಕೊಂಡು ಹೋದ್ರೆ ಕಾಶಿಗೇ ಹೋಗ್ಬಹುದು!”

“ಕಾಶಿಗೆ ಹೋಗ್ಬಹುದು. ಸಮುದ್ರದ ಮಧ್ಯ ಇದ್ರೆ ಯಾರನ್ನ ಕೇಳ್ತೀರಾ?” ಎಂದಳು ಅತ್ತೆ ಆಟೋದ ಮೇಲಿನಿಂದ.

“ಸಮುದ್ರದ ಮಧ್ಯಕ್ಕೆ ನಾನ್ಯಾಕೆ ಹೋಗ್ಲಿ ಮೇಡಂ?” ಎಂದು ಹೆಡ್‌ಮಾಸ್ಟರು ನಕ್ಕು ಒಳಗೆ ಹೋದರು.

ಊಟದ ಬಿಡುವು ಮುಗಿದು ಗಂಟೆ ಹೊಡೆಯಿತು. ಎಂಟನೇ ಬಿ ವಿಭಾಗದ ಮಕ್ಕಳು ಒಳಗೆ ಬಂದರು. ಬೆಳಗಿನ ಪಾಠದಲ್ಲಿ ನಾನೇ ಬರೆದಿದ್ದ ಸಾಲು ಕಪ್ಪುಹಲಗೆಯ ಮೇಲೆ ಹಾಗೇ ಇತ್ತು: ‘ಇಂದು ಹಗಲು ರಾತ್ರಿ ಸಮ. ಸೂರ್ಯನು ಭೂಮಧ್ಯರೇಖೆಯ ನೆತ್ತಿಯ ಮೇಲೆ.’ ಅದನ್ನು ಒರೆಸುವುದಕ್ಕೂ ಪುರಸೊತ್ತಿಲ್ಲದಂತೆ ಅತ್ತೆ ಚೌಕಟ್ಟು ನಿಲ್ಲಿಸಿಬಿಟ್ಟಳು.

“ಮೊದಲು ನಮ್ಮೂರನ್ನೇ ನೋಡೋಣ. ಯಾರು ಬರ್ತೀರಾ?”

ತಿಪ್ಪೇಶ ಎದ್ದು ಬಂದ. “ಗೊತ್ತು ಗೊತ್ತು, ಎಪ್ಪತ್ತೇಳು, ಹದಿಮೂರು!” ಎನ್ನುತ್ತ ಮೊದಲ ತಿರುಪನ್ನು ಎಪ್ಪತ್ತೇಳು ಉತ್ತರಕ್ಕೂ ಎರಡನೆಯದನ್ನು ಹದಿಮೂರು ಪೂರ್ವಕ್ಕೂ ತಿರುಗಿಸಿದ.

ಗುಯ್ಯೆಂದು ಗಾಳಿ ನುಗ್ಗಿತು! ಅದೆಂಥ ಗಾಳಿ! ಬೆನ್ನಿನ ಮೂಳೆಯೊಳಗೆ ಐಸು ತುರುಕಿದಂಥ ಗಾಳಿ! ಮೊದಲ ಬೆಂಚಿನ ಹುಡುಗಿಯರು ಬ್ಯಾಗನ್ನೇ ಹೊದ್ದುಕೊಂಡರು. ಚೌಕಟ್ಟಿನೊಳಗೆ ಬೂದು ಬಣ್ಣದ ಸಮುದ್ರ, ಅದರಾಚೆ ಹಿಮ ಹೊದ್ದ ಬೆಟ್ಟಗಳ ಸಾಲು. ಹೊತ್ತು ಏರಿದ್ದರೂ ಸೂರ್ಯ ಮೇಲೇಳಲು ಸೋಮಾರಿತನ ಪಟ್ಟು ನೀರಿನ ಅಂಚಿಗೇ ಅಂಟಿಕೊಂಡಂತಿದ್ದ.

“ನಮ್ಮೂರಿಗೆ ಏನಾಯ್ತು ಸಾರ್?” ಎಂದ ತಿಪ್ಪೇಶ ನಡುಗುತ್ತ.

“ನಮ್ಮೂರಿಗೆ ಏನೂ ಆಗಿಲ್ಲ ಕಣೋ. ಅಂಕಿ ಅದಲುಬದಲು ಆಯ್ತು. ನೀನು ನಮ್ಮನ್ನ ಉತ್ತರಧ್ರುವದ ಹತ್ತಿರ ಬಿಟ್ಟೆ!” ಎಂದಳು ಅತ್ತೆ ಸಂತೋಷದಿಂದ. “ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಇನ್ನು ಜನ್ಮದಲ್ಲಿ ಮರೀತೀಯಾ?”

ತಿಪ್ಪೇಶ ಹಲ್ಲು ಕಟಕಟಿಸುತ್ತ ತಲೆಯಾಡಿಸಿದ. ಇಪ್ಪತ್ತು ವರ್ಷದಲ್ಲಿ ನನ್ನ ಯಾವ ಪಾಠವೂ ಯಾರಿಗೂ ಇಷ್ಟು ಬೇಗ ತಲೆಗೆ ಹತ್ತಿರಲಿಲ್ಲ.

ಆಮೇಲೆ ಜಬೀನಾ ಬಂದಳು. ತರಗತಿಯಲ್ಲಿ ಅತಿ ಹೆಚ್ಚು ಪ್ರಶ್ನೆ ಕೇಳಿ ನನಗೆ ಅತಿ ಹೆಚ್ಚು ಕಷ್ಟ ಕೊಡುವ ಹುಡುಗಿ ಇವಳೇ. ಹದಿಮೂರು ಉತ್ತರ ಸರಿಯಾಗಿಯೇ ಇಟ್ಟಳು. ಎಪ್ಪತ್ತೇಳು ಇಡುವಾಗ ಬೇಕೆಂದೇ ಪಶ್ಚಿಮಕ್ಕೆ ತಿರುಗಿಸಿದಳು. “ಹೀಗೆ ಮಾಡಿದ್ರೆ ಏನಾಗುತ್ತೆ ನೋಡೋಣ ಅಂತ ಸಾರ್!”

ಚೌಕಟ್ಟು ಕತ್ತಲಾಯಿತು. ಕೆಟ್ಟಿತೇನೋ ಅಂದುಕೊಂಡೆ. ಆಮೇಲೆ ಕಣ್ಣು ಹೊಂದಿಕೊಂಡಿತು.

ನಕ್ಷತ್ರಗಳು! ನಡುಮಧ್ಯಾಹ್ನ, ಕಿಟಕಿಯಲ್ಲಿ ಬಿಸಿಲು ಸುರಿಯುತ್ತಿರುವಾಗ, ನಮ್ಮ ತರಗತಿಯ ಬಾಗಿಲ ತುಂಬ ನಕ್ಷತ್ರಗಳು! ಕೆಳಗೆ ಕಪ್ಪು ಸಮುದ್ರ ಮೆಲ್ಲಗೆ ಉಸಿರಾಡುತ್ತಿತ್ತು. ಮೃಗಶಿರದ ಮೂರು ಚುಕ್ಕಿಗಳು ಎತ್ತರದಲ್ಲಿ ಹೊಳೆಯುತ್ತಿದ್ದವು.

“ಕೆರಿಬಿಯನ್ ಸಮುದ್ರ. ಅಲ್ಲಿ ಈಗ ಬೆಳಗಿನ ಜಾವವೂ ಆಗಿಲ್ಲ,” ಎಂದಳು ಅತ್ತೆ ಪಿಸುದನಿಯಲ್ಲಿ.

ಐವತ್ತು ಮಕ್ಕಳ ತರಗತಿಯಲ್ಲಿ ಒಂದು ಕೆಮ್ಮೂ ಕೇಳಲಿಲ್ಲ. ಒಂದೇ ಒಂದು ದಿಕ್ಕು ಬದಲಾಯಿಸಿದ್ದಕ್ಕೆ ಹಗಲು ಹೋಗಿ ರಾತ್ರಿ ಬಂದಿತ್ತು. ಭೂಮಿ ದುಂಡಗಿದೆ ಎಂದು ನಾನು ಸಾವಿರ ಸಲ ಹೇಳಿದ್ದೇನೆ. ನಿಜವಾಗಿ ದುಂಡಗಿದೆ ಎಂದು ನನಗೆ ಅನ್ನಿಸಿದ್ದು ಆಗಲೇ.

*

ಇಂಥ ಮೌನ ಎಂಟನೇ ಬಿ ವಿಭಾಗದಲ್ಲಿ ಹುಟ್ಟಿದ್ದೇ ಹೆಡ್‌ಮಾಸ್ಟರಿಗೆ ಅನುಮಾನ ತಂದಿರಬೇಕು. ಮೈಕಿನ ವೈರನ್ನು ಹಾವಿನಂತೆ ಎಳೆದುಕೊಂಡು ಬಂದೇ ಬಂದರು.

“ಮೇಷ್ಟ್ರೇ, ಕತ್ತಲೆ ಮಾಡ್ಕೊಂಡು ಸಿನಿಮಾ ತೋರಿಸ್ತಿದೀರಾ?” ಎಂಬ ಪ್ರಶ್ನೆ ಸ್ಪೀಕರಿನಿಂದ ಊರಿಗೆಲ್ಲ ಕೇಳಿಸಿತು.

“ಸಿನಿಮಾ ಅಲ್ಲ ಸಾರ್, ಸಮುದ್ರ!”

“ಇದರ ಹಿಂದೆ ಪರದೆ ಇದೆ. ನನಗೆ ಗೊತ್ತಿಲ್ವಾ?” ಎಂದು ಅವರು ನೇರವಾಗಿ ಚೌಕಟ್ಟಿನೊಳಕ್ಕೆ ತಲೆ ಹಾಕಿದರು.

“ಸಾರ್, ಶಲ್ಯ! ಶಲ್ಯ!” ಎಂದು ಅತ್ತೆ ಚೀರಿದಳು.

ಶಲ್ಯದ ಜರಿಯಂಚು ತಿರುಪುಗಳಿಗೆ ಸಿಕ್ಕಿಕೊಂಡಿತ್ತು. ಹೆಡ್‌ಮಾಸ್ಟರು ಬೆಚ್ಚಿ ಶಲ್ಯವನ್ನು ಜೋರಾಗಿ ಎಳೆದರು. ಎರಡು ತಿರುಪೂ ಬುಗುರಿಯಂತೆ ಗಿರ್ರನೆ ತಿರುಗಿದವು! ಚೌಕಟ್ಟಿನೊಳಗೆ ಕಾಡು, ಮರಳು, ಪಟ್ಟಣ, ಮೋಡ, ಯಾರದೋ ಭತ್ತದ ಗದ್ದೆ ಒಂದರ ಹಿಂದೊಂದು ಓಡಿದವು. ಆ ಓಟಕ್ಕೆ ತಲೆಸುತ್ತಿ ಕರಿಗಿರಿಯಪ್ಪನವರು ಮುಂದಕ್ಕೆ ವಾಲಿದರು. ನಾನು ಹಿಡಿಯಲು ಹೋದೆ. ಕೈಗೆ ಒಂದು ಚಪ್ಪಲಿ ಸಿಕ್ಕಿತು.

ಪಟ್! ಚೌಕಟ್ಟು ಸ್ಲೇಟಿನಂತೆ ಕಪ್ಪಾಯಿತು. ಮುಳ್ಳುಗಳೆರಡೂ ಕಿತ್ತುಬಂದು ನೆಲದ ಮೇಲೆ ಬಿದ್ದಿದ್ದವು.

ಮೈಕಿನ ವೈರು ಮಾತ್ರ ನಮ್ಮ ಕಡೆಯಿಂದ ಹೋಗಿ, ಆ ಕಪ್ಪಿನ ನಟ್ಟನಡುವೆ ಮಾಯವಾಗಿತ್ತು. ವೈರಿನ ಸುತ್ತ ಬೆರಳು ತೂರುವಷ್ಟು ಒಂದು ತೂತು ಉಳಿದಿತ್ತು. ಅದರಿಂದ ಒಣಹುಲ್ಲಿನ ವಾಸನೆಯ ಗಾಳಿ ಸಣ್ಣಗೆ ಬರುತ್ತಿತ್ತು.

“ಎಲ್ಲಿಗೆ ಹೋದ್ರು ಅತ್ತೆ?” ಎಂದೆ, ಚಪ್ಪಲಿ ಹಿಡಿದೇ.

“ಮುಳ್ಳೇ ಇಲ್ಲ, ಹೇಗೆ ಹೇಳ್ಲೋ?” ಅತ್ತೆಯ ಮುಖ ನಾನು ಎಂದೂ ನೋಡದಷ್ಟು ಬಿಳುಪೇರಿತ್ತು. “ಭೂಮಿ ಮೇಲಂತೂ ಇದಾರೆ.”

ಅಷ್ಟರಲ್ಲಿ ಮಾಡಿನ ಮೇಲಿನ ಸ್ಪೀಕರು ಗರಗರ ಎಂದಿತು.

“ಮಕ್ಕಳೇ... ಲೋ ಮಕ್ಕಳೇ... ನಾನು ಬಿದ್ದೆ ಕಣ್ರೋ!”

ಬದುಕಿದ್ದಾರೆ! ಗೋಡೆಗೆ ತೂಗುಹಾಕಿದ್ದ ಏಷ್ಯಾ ಖಂಡವನ್ನು ಕಿತ್ತು ಸುರುಳಿ ಮಾಡಿ ತೂತಿಗಿಟ್ಟು ನಾನು ಕೂಗಿದೆ. “ಸಾರ್! ಎಲ್ಲಿದೀರಾ?”

“ಇಲ್ಲೇ ಇದೀನಿ ಕಣ್ರೀ!”

“ಇಲ್ಲೇ ಅಂದ್ರೆ ಎಲ್ಲಿ ಸಾರ್?”

“ಇಲ್ಲೇ ಅಂದ್ರೆ ಇಲ್ಲೇ! ಒಂದು ಮರದ ಪಕ್ಕ!”

“ಮರ ಎಲ್ಲಿದೆ ಸಾರ್?”

“ಮರ ನನ್ನ ಪಕ್ಕ ಇದೆ! ಎಷ್ಟು ಸಲ ಹೇಳ್ಬೇಕ್ರೀ?”

ಅತ್ತೆ ಹಣೆ ಚಚ್ಚಿಕೊಂಡಳು. “ಈ ಬ್ಯಾಟರಿ ಹೆಚ್ಚು ಹೊತ್ತು ತಡೆಯಲ್ಲ ಮರುಳ. ಇದು ಸತ್ರೆ ಈ ತೂತೂ ಮುಚ್ಚುತ್ತೆ, ವೈರೂ ತುಂಡಾಗುತ್ತೆ. ಆಮೇಲೆ ಅವರನ್ನ ಹುಡುಕೋಕೆ ಭೂಮಿಯಷ್ಟು ಭೂಮಿ ಇದೆ! ತಿರುಪನ್ನ ಒಂದು ಡಿಗ್ರಿ ಒಳಗೆ ತಂದು ನಿಲ್ಲಿಸಿದ್ರೆ ವೈರೇ ಬಾಗಿಲನ್ನ ಅವರ ಹತ್ತಿರಕ್ಕೆ ಎಳ್ಕೊಳ್ಳುತ್ತೆ. ಅದಕ್ಕಿಂತ ತಪ್ಪಾದ್ರೆ ವೈರು ಕಡಿದುಹೋಗುತ್ತೆ. ಒಂದೇ ಸಲ. ಎರಡನೇ ಸಲ ಇಲ್ಲ.”

ಆಗಲೇ ಕಾಂಪೌಂಡಿನ ಹೊರಗೆ ಪೇಟೆಯ ಅರ್ಧ ಜನ ಸೇರಿದ್ದರು. ಶಾಲೆಯ ಎದುರು ಮನೆಯಿಂದ ಹೆಡ್‌ಮಾಸ್ಟರ ಹೆಂಡತಿ ಕಮಲಮ್ಮನವರು ಸೌಟು ಹಿಡಿದೇ ಓಡಿಬಂದರು. ನನ್ನ ಕೈಯಿಂದ ಏಷ್ಯಾ ಖಂಡ ಕಿತ್ತುಕೊಂಡರು.

“ರೀ! ಊಟ ಮಾಡಿದ್ರಾ?”

“ಊಟ ಎಲ್ಲಿಂದ್ಲೇ? ಇಲ್ಲಿ ಬರೀ ಹುಲ್ಲು! ದೂರದಲ್ಲಿ ಕತ್ತೆಗಳಿವೆ. ಯಾರೋ ಪುಣ್ಯಾತ್ಮರು ಮೈಗೆಲ್ಲ ಪಟ್ಟೆ ಬಳಿದಿದಾರೆ!”

ಕಮಲಮ್ಮನವರು ಏಷ್ಯಾ ಖಂಡ ನನಗೆ ವಾಪಸು ಕೊಟ್ಟು ಬೆಂಚಿನ ಮೇಲೆ ಕುಸಿದರು. “ಇವರಿಗೆ ಸಂತೆಯಿಂದ ಮನೆಗೆ ದಾರಿ ಹೇಳೋಕೇ ಬರಲ್ಲ ಮೇಷ್ಟ್ರೇ. ನೀವೇ ಏನಾದ್ರೂ ಮಾಡಿ,” ಎಂದು ಅಳತೊಡಗಿದರು.

ನಾನು ಏನು ಮಾಡಲಿ? ಪುಸ್ತಕದಲ್ಲಿ ಇದ್ದದ್ದನ್ನು ಹಲಗೆಯ ಮೇಲೆ ಬರೆದವನು ನಾನು. ಆಗ ಜಬೀನಾ ಎದ್ದಳು.

“ಸಾರ್, ಅವರ ನೆರಳು ಕೇಳಿ.”

“ಏನು?”

“ಎಲ್ಲಿದೀರಾ ಅಂತ ಕೇಳ್ಬೇಡಿ ಸಾರ್, ಅವರಿಗೆ ಹೇಳೋಕೆ ಬರಲ್ಲ. ನೆರಳು ಹೇಗಿದೆ ಅಂತ ಕೇಳಿ. ಅದನ್ನ ನೋಡಿ ಹೇಳ್ತಾರೆ.”

*

ಕೇಳಿದೆವು.

“ನೆರಳಾ? ಇದೆ ಕಣ್ರೀ. ಮೋಟುದ್ದ. ಕಾಲ ಹತ್ತಿರವೇ ಬಿದ್ದಿದೆ.”

“ಗಿಡ್ಡ ಆಗ್ತಿದೆಯಾ, ಉದ್ದ ಆಗ್ತಿದೆಯಾ ಸಾರ್? ಒಂದು ಕಲ್ಲಿಟ್ಟು ಗುರುತು ಮಾಡಿ ನೋಡಿ!”

ಊರೆಲ್ಲ ಉಸಿರು ಬಿಗಿಹಿಡಿಯಿತು. ಸ್ವಲ್ಪ ಹೊತ್ತಾದ ಮೇಲೆ ಸ್ಪೀಕರು ನುಡಿಯಿತು. “ಗಿಡ್ಡ ಆಗ್ತಿದೆ.”

ತರಗತಿ ಗುಜುಗುಜು ಎಂದಿತು. ಗಿಡ್ಡವಾಗುತ್ತಿದ್ದರೆ ಅಲ್ಲಿ ಇನ್ನೂ ಮಧ್ಯಾಹ್ನವಾಗಿಲ್ಲ. ನಮ್ಮಲ್ಲಿ ಆಗಿಹೋಗಿದೆ. ಅಂದರೆ ಅವರು ನಮಗಿಂತ ಪಶ್ಚಿಮದಲ್ಲಿದ್ದಾರೆ! ಒಂದು ನೆರಳಿನಿಂದ ಅರ್ಧ ಭೂಮಿ ಕಡಿಮೆಯಾಯಿತು. ನಾನು ಕಪ್ಪುಹಲಗೆಯ ಮೇಲೆ ‘ಪಶ್ಚಿಮ’ ಎಂದು ಬರೆದೆ.

“ನೆರಳು ಅತಿ ಗಿಡ್ಡ ಆದಾಗ ಹೇಳಿ ಸಾರ್! ಅಲ್ಲೀವರೆಗೂ ಕಣ್ಣು ತೆಗೀಬೇಡಿ!” ಎಂದಳು ಜಬೀನಾ. “ಸುತ್ತ ಇನ್ನೇನಿದೆ ಸಾರ್?”

“ಒಂದು ಬೆಟ್ಟ ಇದೆ. ತುದಿಯಲ್ಲಿ ಬೆಳ್ಳಗಿದೆ. ಸುಣ್ಣ ಅಲ್ಲ, ಹಿಮ ಇರ್ಬೇಕು.”

“ಯಾವ ಕಡೆ ಸಾರ್?”

“ಬಲಗಡೆ.”

“ತಿರುಗಿ ನಿಂತ್ರೆ ಎಡಗಡೆ ಆಗುತ್ತಲ್ವಾ ಸಾರ್?”

ಸ್ಪೀಕರಿನಲ್ಲಿ ಒಣಹುಲ್ಲು ಸರಸರ ಎಂದಿತು. ಆಮೇಲೆ ಅಚ್ಚರಿ ತುಂಬಿದ ದನಿ. “ಹೌದಲ್ಲಾ! ಈಗ ಎಡಗಡೆ ಬಂತು!”

ತಿಪ್ಪೇಶ ಹಾರಿದ. “ಹಿಮ ಇದ್ರೆ ಉತ್ತರಧ್ರುವ! ನಾನು ನೋಡಿದೀನಲ್ಲ!”

“ಅಲ್ಲಿ ಸೂರ್ಯ ನೆಲಕ್ಕೆ ಅಂಟಿದ್ದ. ನೆರಳು ಮಾರುಗಟ್ಟಲೆ ಬೀಳ್ಬೇಕಿತ್ತು. ಇವರದ್ದು ಮೋಟುದ್ದ,” ಎಂದಳು ಜಬೀನಾ. ತಿಪ್ಪೇಶ ಯೋಚಿಸುತ್ತ ಕೂತ. ಅವನು ಯೋಚಿಸುವುದನ್ನು ನಾನು ನೋಡಿದ್ದು ಅದೇ ಮೊದಲು.

ಬ್ಯಾಟರಿ ಕುಂಯ್ಯೆನ್ನಲು ಶುರುವಿಟ್ಟಿತು. ಅತ್ತೆ ಬರಿಗೈಯಲ್ಲಿ ಅದಕ್ಕೆ ಗಾಳಿ ಹಾಕಿದಳು. ಅದರಿಂದ ಉಪಯೋಗವಿಲ್ಲವೆಂದು ಅವಳಿಗೂ ಗೊತ್ತಿತ್ತು. ಗೋಡೆ ಗಡಿಯಾರ ಮೂರರ ಹತ್ತಿರಕ್ಕೆ ತೆವಳುತ್ತಿತ್ತು. ಕಮಲಮ್ಮನವರ ತುಟಿ ದೇವರ ಹೆಸರು ಹೇಳುತ್ತಿತ್ತು.

ಇದ್ದಕ್ಕಿದ್ದಂತೆ ಸ್ಪೀಕರು ಕಿರುಚಿತು.

“ಅಯ್ಯಯ್ಯೋ! ಹೋಯ್ತು! ನನ್ನ ನೆರಳು ಹೋಯ್ತು!”

“ಏನಾಯ್ತು ಸಾರ್?”

“ನೆರಳೇ ಇಲ್ಲ ಕಣ್ರೀ! ಕಾಲು ಎತ್ತಿ ನೋಡಿದೆ, ಕೆಳಗೆ ಅಡಗಿದೆ ಅಷ್ಟೆ! ಸತ್ತವರಿಗೆ ನೆರಳಿರಲ್ಲ ಅಂತ ನಮ್ಮಜ್ಜಿ ಹೇಳ್ತಿದ್ಲು! ನಾನು ಸತ್ತುಹೋಗಿದೀನಿ! ಕಮಲಾ, ನಾನು ಸತ್ತುಹೋಗಿದೀನಿ ಕಣೇ!”

ಕಮಲಮ್ಮನವರು ಗೊಳೋ ಎಂದರು. ಕಾಂಪೌಂಡಿನ ಹೊರಗಿನ ಜನ ‘ಅಯ್ಯೋ ಪಾಪ’ ಎಂದರು. ಆದರೆ ಎಂಟನೇ ಬಿ ವಿಭಾಗದ ಐವತ್ತು ಮಕ್ಕಳು ಒಟ್ಟಿಗೆ ಎದ್ದು ನಿಂತು ಕಪ್ಪುಹಲಗೆಯ ಕಡೆ ಬೆರಳು ತೋರಿಸಿ ‘ಹೋ!’ ಎಂದು ಕೂಗಿದರು!

ಅಲ್ಲಿ ನಾನೇ ಬರೆದಿದ್ದೆ. ಇಂದು ಸೂರ್ಯ ಭೂಮಧ್ಯರೇಖೆಯ ನೆತ್ತಿಯ ಮೇಲೆ. ಇವತ್ತು ನಡುಹಗಲಲ್ಲಿ ನೆರಳಿಲ್ಲದ ಮನುಷ್ಯ ನಿಂತಿರಬಹುದಾದ ಗೆರೆ ಭೂಮಿಯ ಮೇಲೆ ಒಂದೇ ಒಂದು.

“ಅಕ್ಷಾಂಶ ಸೊನ್ನೆ!” ಎಂದಳು ಜಬೀನಾ. ನಾನು ಹಲಗೆಯ ಮೇಲೆ ‘ಪಶ್ಚಿಮ’ದ ಪಕ್ಕ ದೊಡ್ಡದೊಂದು ಸೊನ್ನೆ ಬರೆದೆ.

“ಸಾರ್, ನೀವು ಸತ್ತಿಲ್ಲ! ಭೂಮಧ್ಯರೇಖೆ ಮೇಲೆ ನಿಂತಿದೀರಾ!” ಎಂದು ನಾನು ಏಷ್ಯಾ ಖಂಡದಲ್ಲಿ ಕೂಗಿದೆ.

“ರೇಖೆ ಎಲ್ರೀ ಇದೆ? ಇಲ್ಲಿ ಏನೂ ಎಳೆದಿಲ್ಲ!”

“ಹೊತ್ತು, ಹೊತ್ತು!” ಅತ್ತೆ ಗಡಿಯಾರ ನೋಡಿದಳು. ಮೂರಕ್ಕೆ ಐದು ನಿಮಿಷ. “ಈಗ ಅವರಿಗೆ ನಡುಹಗಲು. ನಮ್ಮ ದೇಶದ ಗಡಿಯಾರ ಎಂಬತ್ತೆರಡೂವರೆ ಡಿಗ್ರಿ ಪೂರ್ವಕ್ಕೆ ಇಟ್ಟಿರೋದು. ಲೆಕ್ಕ ಹಾಕಿ ಮಕ್ಕಳಾ! ಭೂಮಿ ತಿರುಗೋದು ಗಂಟೆಗೆ ಹದಿನೈದು ಡಿಗ್ರಿ!”

“ಮೂರು ಗಂಟೆಗೆ ಐದು ನಿಮಿಷ ಕಮ್ಮಿ,” ಎಂದು ನಾನು ಬರೆಯತೊಡಗಿದೆ.

“ಕಮ್ಮಿ ಅಲ್ಲ ಕಣೋ! ಈ ತಿಂಗಳ ಕೊನೇಲಿ ಸೂರ್ಯ ಗಡಿಯಾರಕ್ಕಿಂತ ಏಳು ನಿಮಿಷ ಮುಂದೆ ಓಡ್ತಾನೆ. ಅದನ್ನೂ ಸೇರಿಸು!”

“ಸೂರ್ಯನೂ ಸಮಯಪಾಲನೆ ಮಾಡಲ್ವಾ ಅತ್ತೆ?”

“ವಾದ ಆಮೇಲೆ ಮಾಡು! ಬರಿ!”

ಸೇರಿಸಿದೆವು. ಮೂರು ಗಂಟೆಯ ಮೇಲೆ ಚೂರು. ನಲವತ್ತೈದೂವರೆ ಡಿಗ್ರಿ ಪಶ್ಚಿಮಕ್ಕೆ. ಎಂಬತ್ತೆರಡೂವರೆಯಲ್ಲಿ ಕಳೆದರೆ ಮೂವತ್ತೇಳು ಪೂರ್ವ. ತಿಪ್ಪೇಶ ಆಗಲೇ ಅಟ್ಲಾಸ್ ತೆಗೆದು ಭೂಮಧ್ಯರೇಖೆಯ ಮೇಲೆ ಬೆರಳು ಎಳೆಯುತ್ತಿದ್ದ. ಬೆರಳು ಸಮುದ್ರ ದಾಟಿ, ಆಫ್ರಿಕಾದ ದಡ ಹತ್ತಿ, ನಿಂತಿತು. ಅವನ ಕಣ್ಣು ದೊಡ್ಡದಾಯಿತು.

“ಸಾರ್... ಇಲ್ಲೊಂದು ಬೆಟ್ಟ ಬರೆದಿದೆ. ಕೀನ್ಯಾ ಪರ್ವತ. ಎತ್ತರ ಐದು ಸಾವಿರ ಮೀಟರ್ ಮೇಲೆ. ಅಷ್ಟು ಎತ್ತರ ಇದ್ರೆ ನೆತ್ತಿ ಮೇಲೆ ಸೂರ್ಯ ಇದ್ರೂ ಹಿಮ ಇರುತ್ತಲ್ವಾ ಸಾರ್?”

ಇರುತ್ತದೆ. ನಾನು ಅವನ ತಲೆ ಸವರಿದೆ.

“ನೀನೇ ಬಾ. ನೀನೇ ತಿರುಗಿಸು,” ಎಂದಳು ಅತ್ತೆ. ಮುಳ್ಳಿನ ಬದಲು ಎರಡು ಬೆಂಕಿಕಡ್ಡಿ ಅಂಟಿಸಿಕೊಟ್ಟಳು.

ತಿಪ್ಪೇಶ ಕೈಯನ್ನು ಚಡ್ಡಿಗೆ ಒರೆಸಿಕೊಂಡ. “ಅಕ್ಷಾಂಶ ಮೊದಲು,” ಎಂದು ತನಗೆ ತಾನೇ ಹೇಳಿಕೊಂಡು ಸೊನ್ನೆ ಇಟ್ಟ. “ರೇಖಾಂಶ ಆಮೇಲೆ.” ಮೂವತ್ತೇಳು ಪೂರ್ವ.

ವೈರು ಬಿಗಿದುಕೊಂಡಿತು. ಚೌಕಟ್ಟು ಒಮ್ಮೆ ನಡುಗಿತು. ಬೆರಳಗಲದ ತೂತು ತಟ್ಟೆಯಗಲವಾಯಿತು, ತಟ್ಟೆ ಬಾಗಿಲಗಲವಾಯಿತು.

*

ಆ ದೃಶ್ಯವನ್ನು ಹೇಗೆ ಹೇಳಲಿ? ಆಕಾಶದವರೆಗೂ ಹುಲ್ಲು. ಛತ್ರಿ ಬಿಚ್ಚಿಟ್ಟಂಥ ಚಪ್ಪಟೆ ಮರಗಳು. ಯಾವುದಕ್ಕೂ ನೆರಳು ಪಕ್ಕಕ್ಕೆ ಬೀಳದೆ ಎಲ್ಲವೂ ತಂತಮ್ಮ ನೆರಳಿನ ಮೇಲೆಯೇ ನಿಂತಿದ್ದವು. ಪಟ್ಟೆಗಳ ಜೀಬ್ರಾ ಹಿಂಡು. ಅವೆಲ್ಲದರ ಹಿಂದೆ, ಮೋಡ ಸರಿದ ಜಾಗದಲ್ಲಿ, ಚೂಪು ಚೂಪು ಕಲ್ಲಿನ ಶಿಖರ, ಅದರ ಸಂದಿಗಳಲ್ಲಿ ಹೊಳೆಯುವ ಹಿಮ. ನೆತ್ತಿ ಸುಡುವ ಸೂರ್ಯನೂ ಕರಗದ ಹಿಮವೂ ಒಂದೇ ಚೌಕಟ್ಟಿನಲ್ಲಿ!

ಕಮಲಮ್ಮನವರು ಅಳುವುದನ್ನೂ ಮರೆತು “ಶಿವಶಿವಾ, ಎಷ್ಟು ದೊಡ್ಡದು!” ಎಂದರು.

ಹತ್ತು ಹೆಜ್ಜೆ ಆಚೆಗೆ ಒಂದು ಮರ. ಮರದ ಪಕ್ಕದಲ್ಲಿ, ತಲೆಯ ಮೇಲೆ ಶಲ್ಯ ಹೊದ್ದು, ಒಂದೇ ಚಪ್ಪಲಿ ಹಾಕಿಕೊಂಡು, ತಮ್ಮ ಕಾಲನ್ನೇ ನೋಡುತ್ತ ಕರಿಗಿರಿಯಪ್ಪನವರು.

“ಸಾರ್! ಬೇಗ ಬನ್ನಿ! ಬ್ಯಾಟರಿ ಹೋಗ್ತಿದೆ!”

ಅವರು ತಲೆಯೆತ್ತಿ ನಮ್ಮನ್ನು ನೋಡಿದರು. ಹುಲ್ಲುಗಾವಲಿನ ನಡುವೆ ಒಂದು ಬಾಗಿಲು, ಬಾಗಿಲ ತುಂಬ ಮಕ್ಕಳ ಮುಖ. ಮೈಕನ್ನು ಎದೆಗೆ ಅವಚಿಕೊಂಡು ಓಡಿಬಂದು ಹೊಸ್ತಿಲು ದಾಟಿದರು, ನೇರ ಮೊದಲ ಬೆಂಚಿನ ಮೇಲೆ ಬಿದ್ದರು. ಇಡೀ ತರಗತಿ ಕುಣಿಯಿತು!

ಕುಣಿಯುವುದು ಮುಗಿಯಲಿಲ್ಲ, ಅವರ ಹಿಂದೆಯೇ ಇನ್ನೊಂದು ಮುಖ ಒಳಗೆ ಬಂತು. ಉದ್ದ ರೆಪ್ಪೆ, ಎರಡು ಮೋಟು ಕೊಂಬು, ಕಪ್ಪು ನಾಲಿಗೆ. ಮುಖದ ಹಿಂದೆ ಕತ್ತು, ಕತ್ತಿನ ಹಿಂದೆ ಕತ್ತು, ಮುಗಿಯದಷ್ಟು ಕತ್ತು!

“ಜಿರಾಫೆ!” ಎಂದು ಐವತ್ತು ಗಂಟಲು ಒಟ್ಟಿಗೆ ಹೇಳಿದವು.

ಹಬ್ಬಕ್ಕೆ ಕಟ್ಟಿದ್ದ ಮಾವಿನ ತೋರಣ ಕಪ್ಪುಹಲಗೆಯ ಮೇಲೆ ಒಣಗಿ ನಿಂತಿತ್ತು. ಜಿರಾಫೆ ಅತ್ತ ಕತ್ತು ಚಾಚಿ ನೆಮ್ಮದಿಯಾಗಿ ಮೇಯತೊಡಗಿತು. ಬ್ಯಾಟರಿ ಹೊಗೆಯಾಡಿತು.

“ಈಗ ಬಾಗಿಲು ಮುಚ್ಚಿದ್ರೆ ಇದರ ಕತ್ತು ನಮ್ಮ ಹತ್ತಿರ ಉಳಿಯುತ್ತಲ್ಲೋ!” ಅತ್ತೆ ಎರಡೂ ಕೈಯಲ್ಲಿ ಅದರ ಕೆನ್ನೆ ತಳ್ಳಿದಳು. ಅದು ಪ್ರೀತಿಯಿಂದ ಅವಳ ಹಣೆ ನೆಕ್ಕಿತು.

“ಎಲೆ! ಎಲೆ ತೋರ್ಸಿ!” ಎಂದರು ಕಮಲಮ್ಮನವರು. ಮನೆಯಲ್ಲಿ ಎಮ್ಮೆ ಸಾಕಿದವರು. ಬೆಂಚಿನ ಮೇಲೆ ಹತ್ತಿ ತೋರಣವನ್ನು ಪೂರ್ತಿ ಕಿತ್ತು, ಅದರ ಮೂಗಿನ ಮುಂದೆ ಆಡಿಸುತ್ತ, ಹಿಂದಕ್ಕೆ ಹಿಂದಕ್ಕೆ ಕರೆದೊಯ್ದು, ಬಾಗಿಲಾಚೆಗೆ ಬೀಸಿ ಒಗೆದರು. ಕತ್ತು ಮೊಳ ಮೊಳವಾಗಿ ಹೊರಗೆ ಹೋಯಿತು. ಕೊನೆಗೆ ಆ ರೆಪ್ಪೆಗಳು ನಮ್ಮ ಕಡೆ ಒಮ್ಮೆ ಬಡಿದವು.

ಢಂ! ಕಿಡಿ ಹಾರಿತು, ಹೊಗೆ ತುಂಬಿತು. ಹೊಗೆ ಕಳೆದಾಗ ಚೌಕಟ್ಟು ಇರಲಿಲ್ಲ. ಬೂದಿಯೂ ಇರಲಿಲ್ಲ.

ಹೆಡ್‌ಮಾಸ್ಟರು ಮೈಕಿಲ್ಲದೆ, ತಗ್ಗಿದ ದನಿಯಲ್ಲಿ ಮಾತಾಡಿದರು. ಅವರಿಗೆ ಅಂಥ ದನಿಯೂ ಇದೆಯೆಂದು ನಮಗೆ ಗೊತ್ತಿರಲಿಲ್ಲ.

“ಮೇಷ್ಟ್ರೇ, ಅಲ್ಲಿ ಒಂದು ಊರಿಲ್ಲ, ಬೋರ್ಡಿಲ್ಲ, ಕೇಳೋಕೆ ಒಬ್ಬ ಮನುಷ್ಯ ಇಲ್ಲ. ಅಷ್ಟು ದೊಡ್ಡ ಬಯಲಲ್ಲಿ ನಾನು ಯಾರಿಗೂ ಸಿಗಲ್ಲ ಅಂದ್ಕೊಂಡೆ. ಎರಡೇ ಎರಡು ಅಂಕಿ ಹಿಡ್ಕೊಂಡು ಈ ಮಕ್ಕಳು ಬಂದ್ರಲ್ಲ...” ಎಂದು ತಿಪ್ಪೇಶನನ್ನೂ ಜಬೀನಾಳನ್ನೂ ನೋಡಿದರು. ಕಮಲಮ್ಮನವರು ಅವರ ಬರಿಗಾಲಿನ ಧೂಳು ಸೆರಗಿನಿಂದ ಒರೆಸಿದರು. ಕೆಂಪು ಧೂಳು, ನಮ್ಮೂರಿನದಲ್ಲ.

*

ಚೌಕಟ್ಟು ಹೋಗುವಾಗ ಬರಿಗೈಯಲ್ಲಿ ಹೋಗಿರಲಿಲ್ಲ. ತಾನು ನಿಂತಿದ್ದ ಸಿಮೆಂಟು ನೆಲವನ್ನೂ ಪಕ್ಕದ ಒಂದು ಬೆಂಚನ್ನೂ ಚೌಕಾಕಾರವಾಗಿ ಕತ್ತರಿಸಿಕೊಂಡು ಹೋಗಿತ್ತು. ಆ ಜಾಗದಲ್ಲಿ ಈಗ ಅಷ್ಟೇ ಅಗಲದ ಕೆಂಪು ಮಣ್ಣು, ಅದರ ಮೇಲೆ ಮೊಣಕಾಲೆತ್ತರದ ಆಫ್ರಿಕಾದ ಹುಲ್ಲು.

ವಿಚಿತ್ರವೆಂದರೆ, ಕಿಟಕಿಗಳನ್ನೆಲ್ಲ ಮುಚ್ಚಿದ್ದರೂ ಆ ಹುಲ್ಲು ಒಮ್ಮೊಮ್ಮೆ ಗಾಳಿಗೆ ಬಾಗಿದಂತೆ ಬಾಗುತ್ತದೆ. ಕೆಲವು ದಿನ ನಾವು ಬೀಗ ತೆಗೆಯುವಾಗ ಅದರ ಮೇಲೆ ಮಾತ್ರ ಮಳೆ ಬಿದ್ದಿರುತ್ತದೆ, ಸುತ್ತಲ ನೆಲವೆಲ್ಲ ಒಣಗಿರುತ್ತದೆ. ಮಕ್ಕಳು ಸದ್ದಿಲ್ಲದೆ ಅದರ ಸುತ್ತ ಕೂತು ನೋಡುತ್ತಾರೆ. ನಾನೂ ಕೂರುತ್ತೇನೆ.

“ತುಂಡು ಇಲ್ಲಿಗೆ ಬಂತು, ಅದರ ವಿಳಾಸ ಅಲ್ಲೇ ಉಳೀತು. ಅಷ್ಟೇ ಕಣೋ,” ಎಂದಳು ಅತ್ತೆ, ಅದೇನು ಮಹಾ ಎನ್ನುವಂತೆ. ಆದರೆ ಹುಲ್ಲು ಬಾಗಿದಾಗ ಅವಳ ಕೈ ತಾನಾಗಿ ಅದರ ಮೇಲೆ ಹೋಗಿತ್ತು.

ಮೊನ್ನೆ ಶಾಲೆಯ ಸಾಮಾನು ತಪಾಸಣೆಗೆ ಬಂದ ಅಧಿಕಾರಿಗಳು ಎಂಟನೇ ಬಿ ವಿಭಾಗದಲ್ಲಿ ಒಂದು ಬೆಂಚು ಕಡಿಮೆಯಿದೆಯಲ್ಲ, ಎಲ್ಲಿದೆ ಎಂದು ಕೇಳಿದರು. ಸೊನ್ನೆ ಡಿಗ್ರಿ ಅಕ್ಷಾಂಶ, ಮೂವತ್ತೇಳು ಡಿಗ್ರಿ ಪೂರ್ವ ರೇಖಾಂಶ ಎಂದು ಹೇಳಿದ್ದೇನೆ. ಹೋಗಿ ನೋಡಿಬರುವುದಕ್ಕೆ ಅವರಿಗೆ ಪ್ರಯಾಣಭತ್ಯೆ ಇನ್ನೂ ಮಂಜೂರಾಗಿಲ್ಲವಂತೆ.